ಓರೆ ಮೂಲೆ

ಮೂರನೆಯ ಮಹಡಿಯ ಅಚ್ಚುಗಾರನ ಬಳಿ ಅಚ್ಚಿನ ಯಂತ್ರವಿರಲಿಲ್ಲ, ಕಾಲುಗಳಿದ್ದವು. ಅಜ್ಜಿಯ ಚಾಪೆಯ ಹೆಣಿಗೆಯನ್ನು ಬಾಗಿಲಿನಷ್ಟು ದೊಡ್ಡ ಮರದ ಹಲಗೆಯ ಮೇಲೆ ಕೆತ್ತಿ, ನೆಲದ ಮೇಲಿಟ್ಟು, ಮಸಿ ಬಳಿದು, ಕಾಗದ ಹಾಸಿ, ಕಂಬಳಿ ಹೊದಿಸಿ, ಕಾಲುಚೀಲ ಹಾಕಿಕೊಂಡು ಈ ತುದಿಯಿಂದ ಆ ತುದಿಗೆ ತುಳಿಯುತ್ತಾ ಹೋಗುವುದೇ ಅವನ ಮುದ್ರಣ. ಪರಂಪರೆಯನ್ನು ತಲೆಯ ಮೇಲೆ ಹೊತ್ತು ಮೆರೆಸುವವರು ಬೇಕಾದಷ್ಟಿದ್ದಾರೆ. ತುಳಿದು ಉಳಿಸಿದವನು ಇವನೊಬ್ಬ.

ಆ ಚಾಪೆ ಒಬ್ಬಳ ಕೆಲಸವಲ್ಲ. ಅಜ್ಜಿ ಮತ್ತು ಅವಳ ಓರಗಿತ್ತಿ ಎದುರುಬದುರು ಕೂತು ಎರಡು ತುದಿಯಿಂದ ಹೆಣೆದದ್ದು. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆದರೂ ಅಂಚು ಗೆರೆ ಎಳೆದಂತೆ ನೇರ. ಮೊಮ್ಮಗನಿಗೆ ಮಾತು ಬಿಡುವುದಕ್ಕೂ ಒಬ್ಬರಿರಲಿಲ್ಲ. ಅಷ್ಟುದ್ದದ ಕಾಗದವನ್ನು ಒಬ್ಬನೇ ಹಾಸಿದರೆ ಆಚೆಯ ಮೂಲೆ ತನಗೆ ತೋಚಿದಲ್ಲಿ ಬೀಳುತ್ತಿತ್ತು. ಪ್ರತಿ ಚಿತ್ರವೂ ಒಂದು ಮೂಲೆಯಲ್ಲಿ ಓರೆ.

ಆ ಓರೆಗೆ ಅವನ ಚಿತ್ರಗಳನ್ನು ಮಾರುವ ಗ್ಯಾಲರಿಯಾಕೆ ‘ಪರಂಪರೆಯೊಡನೆ ಕಲಾವಿದನ ಮುನಿಸು’ ಎಂದು ಹೆಸರಿಟ್ಟು ಪ್ರದರ್ಶನದ ಪುಸ್ತಿಕೆಯಲ್ಲಿ ಹಾಕಿಸಿದಳು. ಇವನು ಅದನ್ನು ಎರಡು ಸಲ ಓದಿದ. ಮೂರನೆಯ ಸಲಕ್ಕೆ ನಂಬಿಬಿಟ್ಟ. ಆದರೂ ಅಜ್ಜಿಯ ಅಂಚು ಒಮ್ಮೆಯಾದರೂ ನೇರವಾಗಿ ಬರಲಿ ಎಂಬ ಆಸೆ ಒಳಗೆಲ್ಲೋ ಕೂತಿತ್ತು.

ಒಂದು ಬೆಳಗ್ಗೆ ಕೆಳಮನೆಯ ನಿವೃತ್ತ ನರ್ಸ್ ಬಾಗಿಲು ಬಡಿದಳು. ಎಲ್ಲರಂತೆ ಇವನೂ ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದ.

“ಏನ್ರೀ ಕಲಾವಿದರೇ, ಮೇಲೆ ಆನೆ ಸಾಕಿದ್ದೀರಾ?”

“ಅಚ್ಚು ಹಾಕ್ತಿದ್ದೆ ಸಿಸ್ಟರ್.”

ಆಕೆಯ ಕಣ್ಣು ಕಾಗದದ ಮೇಲೆ ಬಿತ್ತು. “ಇದನ್ನ ಒಬ್ಬರೇ ಹಾಸ್ತೀರಾ? ಚೆನ್ನಾಗಿದೆ. ಮೂವತ್ತೆರಡು ವರ್ಷ ವಾರ್ಡಲ್ಲಿ ಹಾಸಿಗೆ ಬಟ್ಟೆ ಬದಲಾಯಿಸಿದ್ದೀನಿ, ಅದೂ ರೋಗಿ ಮಲಗಿದ್ದಾಗಲೇ. ನಿಮ್ಮ ಹಲಗೆ ನರಳೋದೂ ಇಲ್ಲ. ಆ ಕಡೆ ಹಿಡೀರಿ.”

ಸೊಂಟ ಹಿಡಿದುಕೊಂಡೇ ಬಗ್ಗಿದಳು. ಕಾಗದದ ನಡು ಮೊದಲು ತಾಗಿತು, ಆಮೇಲೆ ಅಂಚುಗಳು. ಅವನು ತುಳಿದು ಮುಗಿಸಿ ಎತ್ತಿ ನೋಡಿದರೆ ನಾಲ್ಕೂ ಮೂಲೆ ನೇರ. ಮಸಿಯ ಘಾಟು ಎಂದು ಕೆಮ್ಮಿದ.

ಒಂಬತ್ತು ದಿನ ಆಕೆ ಬಂದಳು. ಮಾತಿಗಿಂತ ಬೈಗುಳ ಜಾಸ್ತಿ. “ಮಸಿ ಕೈ ಮುಖಕ್ಕೆ ಒರೆಸ್ಕೋಬೇಡಿ, ಮಗು ಥರ.” ಅವನಿಗೆ ಐವತ್ನಾಲ್ಕು. ಅವನನ್ನು ಯಾರಾದರೂ ಬೈದು ಬಹಳ ವರ್ಷವಾಗಿತ್ತು.

ಹತ್ತನೆಯ ದಿನ ಗ್ಯಾಲರಿಯಾಕೆಯ ಫೋನ್ ಬಂತು. “ಸರ್, ಹೊಸ ಚಿತ್ರಗಳಲ್ಲಿ ಮುನಿಸು ಎಲ್ಲಿ ಹೋಯ್ತು? ಇದನ್ನ ಯಾರು ಬೇಕಾದ್ರೂ ಮಾಡ್ತಾರೆ. ನಮಗೆ ನೀವು ಬೇಕು ಸರ್.”

ನೀವು ಬೇಕು ಎಂದ ಮೇಲೆ ಎದುರಾಡುವುದು ಹೇಗೆ? ಒಪ್ಪಿಕೊಂಡ.

ಕೆಳಗಿಳಿದು ಹೋದಾಗ ಸಿಸ್ಟರ್ ಆಗಲೇ ತೋಳಿನ ಬಟ್ಟೆ ಮೇಲೆ ಮಡಚಿಕೊಂಡು ನಿಂತಿದ್ದಳು.

“ಇವತ್ತಿಂದ ಬೇಡ ಸಿಸ್ಟರ್. ಅವರಿಗೆ ಓರೆಯೇ ಬೇಕಂತೆ.”

“ಓರೆಯಾಗಿ ಹಾಸೋಕೂ ಬರ್ತೀನಿ. ಅದೇನು ಬ್ರಹ್ಮವಿದ್ಯೆಯೇ?”

“ಹಾಗಲ್ಲ, ಅದು... ನನ್ನ ಶೈಲಿ. ನಾನೊಬ್ಬನೇ ಮಾಡಬೇಕು.”

ಆಕೆ ತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. “ಸರಿ. ನನಗೂ ಸೊಂಟ ನೋವು.” ಬಾಗಿಲು ಮೆಲ್ಲಗೆ ಮುಚ್ಚಿತು.

ಮೇಲೆ ಬಂದು ಹಲಗೆಗೆ ಮಸಿ ಬಳಿದ. ಕಾಗದ ಎತ್ತಿಕೊಂಡು ನಿಂತು, “ಸ್ವಲ್ಪ ನಿಮ್ಮ ಕಡೆ ಎಳ್ಕೊಳ್ಳಿ” ಎಂದ. ಹಲಗೆಯ ಆ ತುದಿಯಲ್ಲಿ ಮಸಿಯ ಡಬ್ಬಿ ಮಾತ್ರವಿತ್ತು.