ಒಂದೇ ನಾಯಿ, ಎರಡು ಹೊಟ್ಟಿ

ದನದ ಡಾಕ್ಟರ್ ಬಲಗೈ ಮೊಣಕೈ ತನಕಾ ಟಿಂಚರ್ ಹತ್ತಿ ಹಳದಿ ಆಗಿತ್ತು, ಮದುಮಗನ ಕೈಯಂಗ. ಕಲಬುರ್ಗಿ ಗಾಜಿಪುರದಾಗ ನಮ್ಮ ಎದುರುಮನಿಯವರು. ಚಾ ಕುಡ್ಯಾಕ ಬಂದ್ರ ನಮ್ಮತ್ತಿ ಅವರಿಗಿ ಬ್ಯಾರೇನೇ ಕಪ್ಪು ಇಟ್ಟಿದ್ಲು. ಆಕಳ ಮುಟ್ಟಿದ್ರ ಪುಣ್ಯ, ಆಕಳ ಒಳಗ ಕೈ ಹಾಕಿ ಕರಾ ತಗದ್ರ ಮೈಲಿಗಿ! "ನನ್ನ ಕಪ್ಪು ಯಾರೂ ಕದಿಯಂಗಿಲ್ಲ ಬಿಡ್ರಿ" ಅಂತ ಡಾಕ್ಟರ್ ನಗ್ತಿದ್ರು.

ಎಂಬತ್ತನೇ ಇಸ್ವಿ ಮ್ಯಾಲಿನ ಮಾತು. ಕಮಲಾಪುರದ ನಮ್ಮ ತ್ವಾಟಕ್ಕ ಕೆಂಪ ಬಾಳಿಹಣ್ಣು ತಿನ್ನಾಕ ಹೋಗಿದ್ವಿ. ಅಲ್ಲೇ ಬಿದ್ದಿರತಿದ್ದ ನಾಯಿ ಸುಮ್ಮನ ಎದ್ದು ಮೈದುನನ ಮಗಗ ಕಚ್ಚಿತು, ಹಂಗೇ ತಿರಗಿ ನನ್ನ ಮಗಳ ಮೀನಖಂಡಕ್ಕ ಬಾಯಿ ಹಾಕ್ತು. ಬೊಗಳಲೇ ಇಲ್ಲ. ಹುಚ್ಚು ಹಿಡದ ನಾಯಿ ಹಂಗೇ ಕಚ್ಚತದ ಅಂತ ಕೇಳಿದ್ದೆ.

ಅತ್ತಿ ಮೊಮ್ಮಗನ್ನ ಜೀಪಿನ್ಯಾಗ ಕಲಬುರ್ಗಿ ದವಾಖಾನಿಗಿ ಓಡಿಸಿದಳು. ನನ್ನ ಮಗಳಿಗಿ ಸುಣ್ಣ ಹಚ್ಚಿದಳು. "ಹೊಟ್ಟಿಗಿ ಹದಿನಾಕು ಸೂಜಿ ಹಾಕ್ತಾರ. ಹೆಣ್ಣಹುಡುಗಿ ಹೊಟ್ಟಿ ಕೆಟ್ರ ನಾಳಿ ಮಕ್ಳಾಗ್ತಾವೇನು? ನಾಯಿ ಛಲೋ ಅದ." ನನ್ನ ಗಂಡ ಅವ್ವನ ಮಾತಿಗಿ ಹೂಂ ಅಂದು, ನಾಯಿನ ಗಿಡಕ್ಕ ಕಟ್ಟಾಕ ಹೋದ.

ಡಾಕ್ಟರ್ ಅವತ್ತು ಅದೇ ಊರಿಗಿ ಎಮ್ಮಿ ನೋಡಾಕ ಬಂದಿದ್ರು. ಹೇಳಿ ಕಳಿಸಿದೆ. ಗಿಡಕ್ಕ ಕಟ್ಟಿದ್ದ ನಾಯಿನ ದೂರ ಕುಂತು ಭಾಳೊತ್ತು ನೋಡಿದ್ರು. ಅದರ ಮುಂದ ನೀರಿನ ಬೋಗುಣಿ, ತುಂಬಿದ್ದು ತುಂಬಿದಂಗೇ ಇತ್ತು.

"ಹುಚ್ಚು ಹಿಡದದೇನ್ರಿ?" ಅತ್ತಿ ಕೇಳಿದಳು.

"ಈಗೇ ಹೇಳಾಕ ಬರಂಗಿಲ್ಲ."

"ಅಂದ್ರ ಇಲ್ಲ ಅಂತಾತಲ್ಲ!"

"ಮತ್ತ ಹುಡುಗನ್ನ ಯಾಕ ಕಳಿಸಿದ್ರಿ?"

ಅತ್ತಿ ಸೆರಗು ಸರಿ ಮಾಡ್ಕೊಂಡಳು.

"ಒಂದೇ ನಾಯಿ ಅಲ್ರೀ ಕಾಕಿ. ಹುಡುಗನ ಪಾಲಿಗಿ ಹುಚ್ಚು, ಹುಡುಗಿ ಪಾಲಿಗಿ ಶಾಣ್ಯಾ?" ಡಾಕ್ಟರ್ ದನಿ ಸಣ್ಣದಾತು. "ಗೊತ್ತಾಗದಿದ್ದಾಗ ನಾ ಒಂದೇ ನೋಡ್ತೀನಿ, ನನ್ನ ಮಾತು ಸುಳ್ಳಾದ್ರ ಯಾರು ಸಾಯ್ತಾರ ಅಂತ. ಸೂಜಿ ದಂಡ ಆದ್ರ ಆಗ್ಲಿ."

ಸುಣ್ಣ ತೊಳದು, ಗಾಯಕ್ಕ ಸಾಬೂನು ಹಚ್ಚಿ ನೀರು ಹೊಯ್ದು, ನಮ್ಮಿಬ್ಬರ್ನೂ ತಮ್ಮ ಫಟಫಟಿ ಮ್ಯಾಲ ಕೂಡಿಸ್ಕೊಂಡು ದವಾಖಾನಿಗಿ ಹೊಂಟೇ ಬಿಟ್ರು. ಮಗಳು ಅಳಲಿಲ್ಲ, ಹಿಂದ ತಿರಗಿ ಆ ನಾಯಿನೇ ನೋಡಾಕತ್ತಿದ್ಲು.

ಸೂಜಿ ಮುಗಿಯೂದ್ರಾಗೇ ತ್ವಾಟದಿಂದ ಸುದ್ದಿ ಬಂತು. ನಾಯಿ ದನಿ ಒಡದು, ಜೊಲ್ಲು ಸುರಿಸಿ, ಹಗ್ಗ ಕಡ್ಕೋತ ಸತ್ತಿತ್ತು. ಮರುದಿನ ಡಾಕ್ಟರಿಗಿ ಚಾ ಮನಿ ಕಪ್ಪಿನ್ಯಾಗೇ ಬಂತು. ಬ್ಯಾರೆ ಕಪ್ಪು ನಾ ಬೇಕಂತೇ ಒಡದಿದ್ದೆ, ಆ ಮಾತು ಬ್ಯಾರೆ.

ಆದ್ರೂ ಎಷ್ಟೋ ತಿಂಗಳು, ಮಗಳು ನೀರು ಕುಡೀವಾಗೆಲ್ಲ ನಾ ಆಕಿ ಗಂಟಲಾ ನೋಡ್ತಿದ್ದೆ. ಹುಚ್ಚು ಹತ್ತಿದವರಿಗಿ ನೀರು ಇಳಿಯಂಗಿಲ್ಲಂತ; ಇಳೀತದೋ ಇಲ್ಲೋ.

ಡಾಕ್ಟರ್ ತೀರ್ಕೊಂಡು ಭಾಳ ವರ್ಷಾತು. "ಅವರ ಬಗ್ಗಿ ಬರಿ, ಅಜ್ಜಿ" ಅಂತ ಈ ಫೋನಿನ್ಯಾಗ ಅಕ್ಷರ ಒತ್ತೂದು ಕಲಿಸ್ದಾಕಿ ನನ್ನ ಮೊಮ್ಮಗಳು. ಅತ್ತಿ ಕೆಡ್ತದ ಅಂದಿದ್ದ ಹೊಟ್ಟ್ಯಾಗೇ ಹುಟ್ಟ್ಯಾಳ. ಆಕಿ ನೀರು ಕುಡಿಯೂ ಮುಂದೂ ನನ್ನ ಕಣ್ಣು ಗಂಟಲಕ್ಕೇ ಹೋಗ್ತದ.