ಕಂಡೆ ಎಂದ ದನಿ

ದೆವ್ವ, ಮಾಟ, ಶಕುನ ಎಂದರೆ ನಗುವವನು ನಾನು. ಬೆಕ್ಕು ಅಡ್ಡ ಬಂತೆಂದು ಲಾರಿ ನಿಲ್ಲಿಸುವ ಡ್ರೈವರುಗಳನ್ನು, ಅದರ ಪಾಡಿಗೆ ಅದು ಹೊರಟಿದೆ, ನಿನಗೇನು ಎಂದು ಕಿಚಾಯಿಸುತ್ತಿದ್ದೆ. ಅದಕ್ಕೇ ಇದನ್ನು ಬರೆಯಲು ಸಂಕೋಚವಾಗುತ್ತದೆ. ನಂಬಿ ಎಂದು ಕೇಳುವುದಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನನ್ನದು ಹೊನ್ನಾಳಿ. ಲಾರಿಯಲ್ಲಿ ಮೆಕ್ಕೆಜೋಳ ಸಾಗಿಸುವುದು ಕಸುಬು. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ನಾವೊಂದಿಷ್ಟು ಜನ ಲಾರಿಯವರು ಸಿಬಿ ರೇಡಿಯೊ ಹಾಕಿಸಿಕೊಂಡಿದ್ದೇವೆ. ನಮ್ಮ ಬಾಯಲ್ಲಿ ಅದು ಬರೀ ಸೆಟ್ಟು. ಫೋನಾದರೆ ಒಬ್ಬೊಬ್ಬರಿಗೇ ಮಾಡಬೇಕು, ಬಯಲಿನಲ್ಲಿ ಸಿಗ್ನಲ್ಲೂ ಕೈಕೊಡುತ್ತದೆ. ಸೆಟ್ಟಿನ ಗುಂಡಿ ಒತ್ತಿ ಮಾತಾಡಿದರೆ ಹತ್ತಿರದ ಲಾರಿಗಳಿಗೆಲ್ಲ ಒಟ್ಟಿಗೇ ಕೇಳುತ್ತದೆ. ನಾಲ್ಕಾರು ಊರು ದಾಟಿತೆಂದರೆ ಮಾತ್ರ ಬರೀ ಗೊರಗೊರ ಸದ್ದು.

ನಮಗೆಲ್ಲ ಸೆಟ್ಟಿನ ರುಚಿ ಹತ್ತಿಸಿದವನು ಚನ್ನಗಿರಿಯ ದಾದಾಪೀರಣ್ಣ, ನಮ್ಮೊಳಗೆ ಹಿರಿಯ ಡ್ರೈವರು. ಒಂದೇ ನಿಯಮ ಅವನದು. "ಕಂಡಿದ್ದಾದ್ರೆ ಕಂಡೆ ಅನ್ನು, ಕೇಳಿದ್ದಾದ್ರೆ ಬಾಯಿ ಮುಚ್ಕೊಂಡಿರು." ರಸ್ತೆಯ ಸುದ್ದಿ ಹೇಳುವವನು ಕೊನೆಗೆ 'ಕಂಡೆ' ಎನ್ನಬೇಕು. ಆ ಮಾತು ಬಂದರೆ ಕೇಳಿದವನು ಎದುರಾಡದೆ ಬ್ರೇಕು ಹಾಕಬೇಕು. ನ್ಯಾಮತಿಯವನೊಬ್ಬ ಹೋಟೆಲಿನಲ್ಲಿ ಕೇಳಿದ ಗಾಳಿಮಾತಿಗೆ 'ಕಂಡೆ' ಸೇರಿಸಿದ್ದಕ್ಕೆ ಒಮ್ಮೆ ನಾವೆಲ್ಲ ಸುಮ್ಮನೆ ಬಸವಾಪಟ್ಟಣ ಸುತ್ತಿ ಬಂದಿದ್ದೆವು. ದಾದಾಪೀರಣ್ಣ ಅವನ ಜೊತೆ ಚಹಾ ಕುಡಿಯುವುದನ್ನೇ ಬಿಟ್ಟ. ಅಂಥ ಮನುಷ್ಯ.

ಆ ದಿನ ಬಾಣಂತನ ಮುಗಿಸಿದ ಹೆಂಡತಿ ಶೋಭಾಳನ್ನೂ ಕೂಸನ್ನೂ ಜಗಳೂರಿನ ತವರಿನಿಂದ ಕರೆತರುತ್ತಿದ್ದೆ. ಹಿಂದೆ ಜೋಳದ ಲೋಡು, ಮುಂದೆ ಇವರಿಬ್ಬರು. ಹಿಂದಿನ ದಿನ ಮಳೆ ಜೋರಾಗಿ ಹೊಡೆದಿತ್ತು. ಮಧ್ಯಾಹ್ನದ ಬಿಸಿಲು ಬಿದ್ದು ರಸ್ತೆಯೇನೋ ಒಣಗಿತ್ತು. ಬಿಳಿಚೋಡು ಇನ್ನೂ ಮುಂದಿತ್ತು. ಸೆಟ್ಟಿನಲ್ಲಿ ದಾದಾಪೀರಣ್ಣನ ದನಿ ಬಂತು. ಅವನ ಗೊಗ್ಗರು ದನಿ ಸಾವಿರ ಜನರ ನಡುವೆಯೂ ಗುರುತು ಸಿಗುತ್ತದೆ.

"ಬಿಳಿಚೋಡಿನ ಈಚೆ ಹಳ್ಳದ ಸೇತುವೆ ಕುಸಿದೈತೆ. ಗಾಡಿ ನಿಲ್ಸಿ. ಕಂಡೆ."

ತಿರುವು ದಾಟಿ ನಿಲ್ಲಿಸಿದೆ. ಎದುರಿಗೇ ಸೇತುವೆ ಕಾಣುತ್ತಿತ್ತು. ಕೆಳಗೆ ಕೆಂಪು ನೀರು ಭೋರೆಂದು ಹರಿಯುತ್ತಿತ್ತು. ಸೇತುವೆ ಮಾತ್ರ ಒಂದು ಕಲ್ಲೂ ಅಲ್ಲಾಡದೆ ನಿಂತಿತ್ತು.

"ಅಣ್ಣಾ, ಸೇತುವೆ ನೆಟ್ಟಗೈತಲ್ಲ?" ಎಂದು ಕೇಳಿದೆ. ಬರೀ ಗೊರಗೊರ ಸದ್ದು ಬಂತು. ವಯಸ್ಸಾಯಿತು, ಬೇರೆ ಯಾವುದೋ ಹಳ್ಳ ನೋಡಿ ಗಲಿಬಿಲಿ ಮಾಡಿಕೊಂಡಿದ್ದಾನೆ ಎಂದು ನಕ್ಕು ಗೇರಿಗೆ ಕೈ ಹಾಕಿದೆ. ಶೋಭಾ ನನ್ನ ಕೈ ಹಿಡಿದಳು.

"ಕಂಡೆ ಅಂದ್ರಲ್ರೀ ಅವ್ರು. ಒಂದೀಟು ತಡೀರಿ. ಕೂಸಿಗೆ ಹಾಲಾದ್ರೂ ಕುಡಿಸ್ತೀನಿ."

ಕೂಸು ಹಾಲು ಕುಡಿಯುತ್ತಿತ್ತು. ನಾನು ಸೇತುವೆಯನ್ನೇ ನೋಡುತ್ತ ಕುಳಿತಿದ್ದೆ. ನೆನೆದ ರೊಟ್ಟಿ ಮುರಿದಂತೆ ಅದರ ನಡುಭಾಗ ಮೆಲ್ಲಗೆ ಬಾಗಿತು, ಮುರಿದು ನೀರಿಗೆ ಬಿತ್ತು. ಅಷ್ಟು ದೊಡ್ಡ ಸೇತುವೆ ಬಿದ್ದರೂ ನೀರಿನ ಭೋರಿನಲ್ಲಿ ಸದ್ದೇ ಕೇಳಲಿಲ್ಲ. ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಸೆಟ್ಟು ತೆಗೆದುಕೊಂಡೆ. "ಹಳ್ಳದ ಸೇತುವೆ ಬಿದ್ದೈತೆ. ಕಂಡೆ" ಎಂದೆ.

ಸಿಗ್ನಲ್ ಸಿಕ್ಕಿದ ಕೂಡಲೇ ದಾದಾಪೀರಣ್ಣನಿಗೆ ಫೋನು ಮಾಡಿ ಅತ್ತುಬಿಟ್ಟೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

"ನಾನೆಲ್ಲಿಂದ ಹೇಳ್ಲಿ ತಮ್ಮಾ? ಬೆಳಗ್ಗಿಂದ ಚನ್ನಗಿರ್‍ಯಾಗೆ ಗ್ಯಾರೇಜಿನಾಗೆ ಕುಂತೀನಿ. ಸೆಟ್ಟು ಬಿಚ್ಚಿ ಮೇಜಿನ ಮ್ಯಾಲೆ ಹಾಕ್ಯಾರೆ."

ಆಮೇಲೆ ಗ್ಯಾರೇಜಿನಲ್ಲೇ ವಿಚಾರಿಸಿದೆ. ಮಾತು ನಿಜ. ಬಿಚ್ಚದಿದ್ದರೂ ಚನ್ನಗಿರಿಯ ಮಾತು ಅಲ್ಲಿಗೆ ಮುಟ್ಟುವಂತೆಯೇ ಇರಲಿಲ್ಲ. ಯಾರೋ ಅವನ ದನಿ ಅಣಕಿಸಿರಬೇಕು ಎಂದರು ಕೆಲವರು. ಇರಬಹುದು. ಆದರೆ ಇನ್ನೂ ಬೀಳದ ಸೇತುವೆ ಬಿದ್ದದ್ದನ್ನು ಆ ಅಣಕದವನು ಎಲ್ಲಿಂದ ಕಂಡ?

ಏನೇ ಆಗಲಿ, ಉಳಿಸಿದ್ದು ಅವನ ದನಿಯೇ ಎಂದು ನಮ್ಮ ಲಾರಿಯವರೆಲ್ಲ ಸೇರಿ ದಾದಾಪೀರಣ್ಣನಿಗೆ ಶಾಲು ಹೊದಿಸಲು ಹೊರಟೆವು. ಬೇರೆಯವನಾಗಿದ್ದರೆ ಹೂಂ ಎಂದು ಹೊದ್ದುಕೊಳ್ಳುತ್ತಿದ್ದ, ಊರೆಲ್ಲ ಪವಾಡಪುರುಷ ಎನ್ನಿಸಿಕೊಳ್ಳುತ್ತಿದ್ದ. ಇವನು ಶಾಲನ್ನು ಮಡಿಸಿ ನನ್ನ ಕೈಗೇ ಇಟ್ಟ.

"ಕಾಣದ್ದನ್ನ ಕಂಡೆ ಅನ್ನೋನಲ್ಲ ನಾನು. ಆ ಪುಣ್ಯ ಯಾರ್ದೋ ಏನೋ, ನನ್ನ ತಲಿಗೆ ಕಟ್ಟಬ್ಯಾಡ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಮನಸ್ಸಿನಲ್ಲಿ ಅವನು ಇನ್ನೂ ಒಂದು ಮೊಳ ಎತ್ತರವಾದ.

ಈಗ ಅಲ್ಲಿ ಹೊಸ ಸೇತುವೆಯಿದೆ. ಆ ಕಡೆ ಹೋದಾಗೆಲ್ಲ ದಾದಾಪೀರಣ್ಣ ಲಾರಿ ನಿಲ್ಲಿಸಿ, ಇಳಿದು, ಕಂಬದ ಬುಡದವರೆಗೂ ಬಗ್ಗಿ ನೋಡಿ ಬಂದು ಸೆಟ್ಟು ಹಿಡಿಯುತ್ತಾನೆ. ಮೊನ್ನೆ ನಾವು ಮೂವರೂ ಜಗಳೂರಿನಿಂದ ಬರುತ್ತಿದ್ದಾಗ ಅವನ ಮಾತು ಕೇಳಿಸಿತು.

"ಹಳ್ಳದ ಸೇತುವೆ ನೆಟ್ಟಗೈತೆ. ಬರ್‍ರಿ. ಕಂಡೆ."

ಶೋಭಾ ಮಗಳನ್ನು ಹತ್ತಿರಕ್ಕೆಳೆದುಕೊಂಡು ನನ್ನ ಮುಖ ನೋಡಿದಳು. "ಅವತ್ತಿನ ದನೀನೂ ಇದೇ ಅಲ್ಲೇನ್ರೀ?"

ಇದೇ. ನಾನು ಗೇರು ಬದಲಿಸಿ ಲಾರಿಯನ್ನು ಸೇತುವೆ ದಾಟಿಸಿದೆ.