ಹಲಗೆಗೆ ಕಿವಿಗೊಡುವ ನೀಲಾವತಿ

ಗೋಪಾಲಸ್ವಾಮಿ ಬೆಟ್ಟದ ಮಂಜು ಈ ಬೆಳಿಗ್ಗೆ ಊರೊಳಕ್ಕೇ ಇಳಿದುಬಂದಿದೆ. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಕೇರಳದ ಕಡೆ ಹೊರಟ ಈರುಳ್ಳಿ ಲಾರಿಗಳು ದೀಪ ಹಚ್ಚಿಕೊಂಡೇ ತೆವಳುತ್ತಿವೆ. ಇಂಥ ಥಂಡಿಗೆ ಹಳೇ ಮರ ಉಬ್ಬಿ ಬಿಗಿದುಕೊಳ್ಳುತ್ತದೆ. ಪೇಟೆಬೀದಿಯ ಹಳೇ ಉಪ್ಪರಿಗೆ ಮನೆಯ ಮಹಡಿಯಲ್ಲಿ ನೀಲಾವತಿ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಒಡೆದ ಗಾಜಿನ ಚೂರು. ಹೊನ್ನೆ ಹಲಗೆಯ ಮೇಲೆ ಅದನ್ನು ಓರೆಯಾಗಿ ಎಳೆದಂತೆಲ್ಲ ತಲೆಮಾರುಗಳ ಹೊಗೆ, ಕಾಳಿನ ಧೂಳು, ಕಾಲಡಿಯ ಜಿಡ್ಡು ಸುರುಳಿಸುರುಳಿಯಾಗಿ ಎದ್ದು ಬರುತ್ತವೆ. ಅಡಿಯಿಂದ ಕೆಂಪು ಮರ ಕಣ್ಣು ಬಿಡುತ್ತದೆ.

ಕೆರೆದು, ಉಪ್ಪುಕಾಗದದಲ್ಲಿ ತಿಕ್ಕಿ, ಅಗಸೆ ಎಣ್ಣೆ ಉಣಿಸಿ ಹಳೇ ಮನೆಗಳ ಹಲಗೆನೆಲಕ್ಕೆ ಮತ್ತೆ ಜೀವ ತರುವುದು ಆಕೆಯ ಕಸುಬು. ಈ ಕಸುಬು ಆಕೆಯ ಬೆರಳಗೆರೆಗಳನ್ನೇ ತಿಂದುಹಾಕಿದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆರಳನ್ನು ಒಪ್ಪದೆ ಎಷ್ಟೋ ಸಲ ಬರಿಗೈಲಿ ಕಳಿಸಿದೆ. “ಬೆರಳಿಗೂ ಪಾಲಿಶ್ ಒಡ್ಕೊಂಬುಟ್ಟಿವ್ನಿ, ಅದ್ಕೇ ಜಾರ್ತದೆ ಅಂತ ಅಂಗ್ಡಿಯವ್ನಿಗೆ ಏಳ್ತೀನಿ. ಅವ್ನು ನಗ್ತಾನೆ, ಅಕ್ಕಿ ಮಾತ್ರ ಕೊಡಕಿಲ್ಲ,” ಎನ್ನುತ್ತಾರೆ.

ಮೊದಲು ಇದು ಗಂಡ ಚಿಕ್ಕಮಾದು ಅವರ ಕೆಲಸವಾಗಿತ್ತು. ನೀಲಾವತಿ ಎಣ್ಣೆಬಟ್ಟೆ ಹಿಡಿದು ಹಿಂದೆ ನಿಲ್ಲುತ್ತಿದ್ದರು. ಚಾಮರಾಜನಗರದ ಒಂದು ಹಳೇ ಬಂಗಲೆಯಲ್ಲಿ ಮಹಡಿಯ ಹಲಗೆಯೊಂದು ಕನ್ನಡಿಯಂತೆ ಹೊಳೆಯುತ್ತಿತ್ತು. ಸದ್ದು ಸರಿಯಿಲ್ಲ, ಎತ್ತಿ ನೋಡೋಣ ಎಂದರು ಚಿಕ್ಕಮಾದು. “ಮ್ಯಾಲೆ ಚೆನ್ನಾಗದಲ್ಲ, ಪಾಲಿಶ್ ಒಡ್ದ್ಬುಡ್ಲಾ,” ಎಂದರು ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಮಲ್ಲಿಕಾರ್ಜುನಸ್ವಾಮಿ. ಹಲಗೆಯ ಅಡಿಯನ್ನೆಲ್ಲ ಗೆದ್ದಲು ತಿಂದಿತ್ತು. ಅದು ಮುರಿದು ಚಿಕ್ಕಮಾದು ಕೆಳಗಿನ ಕಲ್ಲುಹಾಸಿನ ಮೇಲೆ ಬಿದ್ದರು. ಅಂದಿನಿಂದ ಹರದನಹಳ್ಳಿಯ ಮನೆಯಲ್ಲಿ ಮಂಚದ ಮೇಲಿದ್ದಾರೆ. ಸೊಂಟದ ಕೆಳಗೆ ಬೆಂಕಿ ಇಟ್ಟರೂ ತಿಳಿಯದು.

ಅವತ್ತು ಚೆಲ್ಲಾಪಿಲ್ಲಿಯಾದ ಹತಾರಗಳ ಜೊತೆ ಅವರ ತೋಪಡವೂ ಸ್ವಾಮಿಯವರ ಚೀಲ ಸೇರಿತು. ಮರದ ಮೈ ಕೀಸುವ ಆ ತೋಪಡ ಚಿಕ್ಕಮಾದುವಿಗೆ ಅಪ್ಪನಿಂದ ಬಂದದ್ದು. ನೀಲಾವತಿ ಒಮ್ಮೆ ಕೇಳಿದರು. “ಮನೇಲದೆ, ತತ್ತೀನಿ,” ಎಂದರು ಸ್ವಾಮಿ. ಇನ್ನೊಮ್ಮೆ ಕೇಳಿದಾಗ ಸ್ವಾಮಿ ನೆಲ ನೋಡಿದರು. ಅದನ್ನು ಕೊಡಬೇಕಾದರೆ ಆ ದಿನದ ಮಾತು ಎತ್ತಬೇಕಲ್ಲ. ಆಮೇಲೆ ಈಕೆ ಕೇಳಲಿಲ್ಲ. ಬೇರೆ ಯಾರೂ ಇಂಥ ಕೆಲಸ ಕೊಡುವುದಿಲ್ಲವಾದ್ದರಿಂದ ಅದೇ ಸ್ವಾಮಿಯವರ ಕೈಕೆಳಗೆ ದುಡಿಯುತ್ತಿದ್ದಾರೆ. ಸಂಜೆ ಬಸ್ಸಿಳಿದು ಮನೆಗೆ ಹೋದರೆ ಮಂಚದಿಂದ ಬರುವ ಮೊದಲ ಮಾತು ಒಂದೇ: “ಬಡ್ದು ನೋಡ್ದಾ?”

ಆದ್ದರಿಂದ ಎಣ್ಣೆ ಹಚ್ಚುವ ಮುಂಚೆ ಆಕೆ ಪ್ರತಿ ಹಲಗೆಯನ್ನೂ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳುತ್ತಾರೆ. ಇವತ್ತು ಮೂಲೆಯ ಹಲಗೆ ಪೊಳ್ಳು ದನಿ ಕೊಟ್ಟಿದೆ.

“ಅದ್ಯಾಕ್ ನೀಲವ್ವ, ಅಲ್ಗೆ ಜೊತೆ ಪಿಸುಮಾತು?” ಮೆಟ್ಟಿಲು ಹತ್ತಿ ಬಂದ ಸ್ವಾಮಿ ಕೇಳುತ್ತಾರೆ. “ಬಾನುವಾರ ಮಧುಶ್ರೀ ನಿಶ್ಚಿತಾರ್ಥ ಕಣವ್ವ. ಬೀಗ್ರೆಲ್ಲ ಇಲ್ಲೇ ಕೂರೋದು.”

“ಅದ್ಕೇ ಸ್ವಾಮಣ್ಣ. ಇದ್ನ ಎತ್ತಿ ನೋಡ್ಬೇಕು.”

ಮನೆಯ ಯಜಮಾನ, ಹುಡುಗಿಯ ತಂದೆ ಪುಟ್ಟಮಲ್ಲಪ್ಪ ಗಾಬರಿಯಿಂದ ಬರುತ್ತಾರೆ. “ಆ ಹಲ್ಗೆ ಮುಟ್ಬೇಡ. ನಮ್ಮಪ್ಪ ಅದ್ರ ಮೇಲೇ ಲಿಂಗಪೂಜೆಗೆ ಕೂರ್ತಿದ್ರು. ನೀನು...” ಎಂದವರು ಮಾತು ನುಂಗುತ್ತಾರೆ. ನುಂಗಿದ್ದು ಜಾತಿಯ ಮಾತೆಂದು ನೀಲಾವತಿಗೆ ಗೊತ್ತು. ಗಾಜಿನ ಚೂರನ್ನು ಕೆಳಗಿಡುತ್ತಾರೆ.

“ಎತ್ತದೆ ನಾನು ಎಣ್ಣೆ ಅಚ್ಚಕಿಲ್ಲ ಬುದ್ದಿ. ಬೇರೆಯೋರ್ನ ಕರ್ಕಳಿ.”

ಸ್ವಾಮಿಯ ಮುಖ ಕಪ್ಪಿಡುತ್ತದೆ. ಅಷ್ಟರಲ್ಲಿ ಕೆಳಗಿನ ಪಡಸಾಲೆಯಿಂದ ಯಜಮಾನರ ತಾಯಿ ಗುರುಮಲ್ಲಮ್ಮನ ದನಿ: “ಎತ್ಲಿ ಬುಡ್ಲಾ ಪುಟ್ಟ! ಪೂಜೆಗೆ ಕೂತೋರು ಶಿವನ ಪಾದ ಸೇರ್ಕೊಂಡ್ರು. ಈಗ ಕೂರೋ ಮಕ್ಳು ಬೀಳ್ಬಾರ್ದು.”

ನೀಲಾವತಿ ಹಲಗೆಯ ಮೇಲೆ ಚಿಟಿಕೆ ವಿಭೂತಿ ಇಟ್ಟು, “ಮಾದಪ್ಪ, ಅಪ್ಪಣೆ ಕೊಡಪ್ಪ,” ಎಂದು ಕೈಮುಗಿಯುತ್ತಾರೆ. ಹಾರೆಗೋಲಿಗೆ ಹಲಗೆ ನರಳುತ್ತಾ ಏಳುತ್ತದೆ. ಎಲ್ಲರೂ ಬಗ್ಗುತ್ತಾರೆ.

ಗೆದ್ದಲಿಲ್ಲ. ಹಲಗೆಯ ಅಡಿ ನಿನ್ನೆ ಕೊಯ್ದಂತೆ ಗಟ್ಟಿಯಾಗಿದೆ. ಕೆಳಗೆ ತುಂಬಿದ್ದ ಹೊಟ್ಟನ್ನು ಇಲಿ ಹೊತ್ತೊಯ್ದು ಜಾಗ ಪೊಳ್ಳಾಗಿತ್ತು, ಅಷ್ಟೇ.

“ಎಲ್ಲಮ್ಮ ನಿನ್ನ ಗೆದ್ಲು? ಇಲಿ ಮದ್ವೆಗೆ ಕರೆದಿದ್ದಾ ನಮ್ಮನ್ನ?” ಪುಟ್ಟಮಲ್ಲಪ್ಪ ನಕ್ಕು ಇಳಿದು ಹೋಗುತ್ತಾರೆ.

ನೀಲಾವತಿ ಹಲಗೆಯ ಅಡಿಯನ್ನು ಅಂಗೈಯಿಂದ ಸವರುತ್ತಲೇ ಇದ್ದಾರೆ. “ಸದ್ದು ನಂಗೆ ಮೋಸ ಮಾಡ್ತು. ಮಾಡ್ಲಿ ಬುಡಿ. ಇವತ್ತು ನಿದ್ದೆ ಬತ್ತದೆ.”

ಆದರೆ ಎದ್ದ ಹಲಗೆ ಮತ್ತೆ ಕೂರುತ್ತಿಲ್ಲ. ಥಂಡಿಗೆ ಅಂಚು ಉಬ್ಬಿದೆ. ಗಾಜಿನಿಂದ ಕೆರೆದರೆ ಬರೀ ಪುಡಿ. ಒಂದು ಅಂಚನ್ನು ತೋಪಡ ಹೊಡೆದು ಇಳಿಸಬೇಕು. ಆಕೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ನೋಡುತ್ತಾ ಕೂರುತ್ತಾರೆ.

ಬೈಯಲೆಂದೇ ನಿಂತಿದ್ದ ಸ್ವಾಮಿ ಆ ಅಂಚನ್ನೊಮ್ಮೆ ನೋಡಿ ಕೆಳಗಿಳಿಯುತ್ತಾರೆ. ಮಂಜಿನಲ್ಲಿ ಸ್ಕೂಟರಿನ ಡಿಕ್ಕಿ ತೆರೆದು ಮುಚ್ಚಿದ ಸದ್ದು. ಮತ್ತೆ ಮೇಲೆ ಬಂದು, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಆಕೆಯ ಮಂಡಿಯ ಪಕ್ಕ ಇಟ್ಟು, ತಲೆ ಎತ್ತದೆ ಹೊರಟುಹೋಗುತ್ತಾರೆ.

ನೀಲಾವತಿ ಗಂಟು ಬಿಚ್ಚುತ್ತಾರೆ. ಹಿಡಿಯ ಮೇಲೆ ಚಿಕ್ಕಮಾದುವಿನ ಹೆಬ್ಬೆರಳು ಸವೆಸಿದ ಗುಳಿ ಹಾಗೇ ಇದೆ. ಅಲಗಿಗೆ ಒಂದು ಚೂರೂ ತುಕ್ಕಿಲ್ಲ. ಇಷ್ಟು ವರ್ಷವೂ ಯಾರೋ ಎಣ್ಣೆ ಒರೆಸುತ್ತಲೇ ಬಂದಿದ್ದಾರೆ.